ತಂಗುಮನೆಯ ಪುಸ್ತಕದಲ್ಲಿ ಮೂರು ಸಾಲು

ನೆದರ್ಲೆಂಡ್ಸ್‌ನಲ್ಲಿ ಬೆಟ್ಟ ಹತ್ತುವ ಅಭ್ಯಾಸ ಮಾಡಬೇಕೆಂದರೆ ಮನೆಯ ಮೆಟ್ಟಿಲೇ ಗತಿ. ರೈಸ್‌ವೈಕ್‌ನಲ್ಲಿ ನಾನೂ ಗಂಡನೂ ಇರುವ ಕಟ್ಟಡಕ್ಕೆ ಹನ್ನೊಂದು ಮಹಡಿ. ದ ಹೇಗ್‌ನ ಇಂಡಿಯನ್ ಅಂಗಡಿಯಿಂದ ತಂದ ಹತ್ತು ಕಿಲೋ ಸೋನಾ ಮಸೂರಿಯನ್ನು ಚೀಲದ ಸಮೇತ ಬೆನ್ನಿಗೇರಿಸಿಕೊಂಡು ದಿನಾ ಸಂಜೆ ಹತ್ತಿ ಇಳಿಯುತ್ತಿದ್ದೆ. ಐದನೇ ಮಹಡಿಯ ಡಚ್ ಅಜ್ಜಿ ಎರಡು ದಿನ ನೋಡಿದರು. ಮೂರನೆಯ ದಿನ ಲಿಫ್ಟ್ ಕೆಟ್ಟಿದೆಯೆಂದು ಕಟ್ಟಡದ ಸಂಘಕ್ಕೆ ಇಮೇಲ್ ಕಳಿಸಿಯೇಬಿಟ್ಟರು. ರಿಪೇರಿಯವನು ಬಂದು ಲಿಫ್ಟನ್ನು ಮೇಲಕ್ಕೂ ಕೆಳಕ್ಕೂ ನಾಲ್ಕು ಸಲ ಓಡಿಸಿ, ಇದಕ್ಕೇನೂ ಆಗಿಲ್ಲ ಎಂದು ಬರೆದಿಟ್ಟು ಹೋದ. ಕೆಟ್ಟಿದ್ದದ್ದು ನನ್ನ ಮೊಣಕಾಲು ಎಂದು ಆ ಅಜ್ಜಿಗೆ ಹೇಳಿದೆ. ಹಾಗಿದ್ದಮೇಲೆ ಲಿಫ್ಟಿನಲ್ಲಿ ಹೋಗಬಾರದೇ ಎಂದರು. ಅದೂ ನ್ಯಾಯವೇ.

ಮೊಣಕಾಲು ಕೆಟ್ಟ ಕಥೆ ದೊಡ್ಡದೇನಲ್ಲ. ದ ಹೇಗ್‌ನಲ್ಲಿ ಸೈಕಲ್ಲಿನ ಮುಂದಿನ ಗಾಲಿ ಟ್ರಾಮ್ ಹಳಿಯ ಸಂದಿಗೆ ಸಿಕ್ಕಿತು, ನಾನು ಒಂದು ಕಡೆ, ತರಕಾರಿ ಒಂದು ಕಡೆ. ಈ ದೇಶದ ವೈದ್ಯರ ಪದ್ಧತಿಯಂತೆ ಮೊದಲು ಪ್ಯಾರಾಸಿಟಮಾಲ್ ಕೊಟ್ಟರು. ತಿಂಗಳುಗಟ್ಟಲೆ ಕುಂಟಿದ ಮೇಲೆ ಆಪರೇಶನ್ ಆಯಿತು. ಆಸ್ಪತ್ರೆಗೆ ನನ್ನನ್ನು ನೋಡಲು ಬಂದವಳು ನನ್ನ ಗೆಳತಿ. ಉಡುಪಿ ಕಡೆಯವಳು, ನನಗಿಂತ ಎಂಟು ವರ್ಷಕ್ಕೆ ಚಿಕ್ಕವಳು, ದೊಡ್ಡ ಕಚೇರಿಗಳೇ ತುಂಬಿದ ಜೈಡಾಸ್‌ನ ಒಂದು ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ತುಳು, ನನ್ನೊಡನೆ ಕನ್ನಡ. ನನ್ನನ್ನು ಕಂಡರೆ ಅಕ್ಕ, ನೀವು. ನನ್ನ ಕನ್ನಡವೆಲ್ಲ ಮೈಸೂರಿನ ಅಜ್ಜಿಯಿಂದ, ಅಜ್ಜಿಯ ವಿಧವೆ ತಂಗಿಯಿಂದ ಕಲಿತದ್ದು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುತ್ತಿದ್ದರಿಂದ ಆ ಮುದುಕಿಯರ ನಡುವೆ ಕೂತೇ ನಾನು ಬಾಯಿ ಬಿಟ್ಟದ್ದು. ಹಾಗಾಗಿ ಮೂವತ್ತರಲ್ಲೇ ನನ್ನ ಮಾತಿಗೆ ಎಪ್ಪತ್ತು ವಯಸ್ಸಾಗಿತ್ತು. ಅವಳಿಗೆ ಅದು ತಮಾಷೆ. ನಿಮ್ಮ ಹತ್ತಿರ ಮಾತಾಡಿದರೆ ಕಾಲಿಗೆ ನಮಸ್ಕಾರ ಮಾಡುವ ಹಾಗೆ ಆಗುತ್ತದೆ ಎಂದು ಛೇಡಿಸುತ್ತಿದ್ದಳು.

ನಮ್ಮಿಬ್ಬರಿಗೂ ಇದ್ದದ್ದು ಒಂದೇ ಹುಚ್ಚು, ಹಕ್ಕಿ ನೋಡುವುದು. ಶನಿವಾರ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಕಾಲುವೆಗಳ ನಡುವಿನ ಹುಲ್ಲುಗಾವಲಿಗೆ ಹೋಗುತ್ತಿದ್ದೆವು. ಹೆಬ್ಬಾತು, ಕೊಕ್ಕರೆ, ಟಿಟ್ಟಿಭ, ಚಳಿಗಾಲ ಕಳೆದ ಮೇಲೆ ಮರಳುವ ಉದ್ದ ಕೊಕ್ಕಿನ ಗ್ರುಟ್ಟೊ. ಇಬ್ಬರಿಗೂ ಸೇರಿ ಒಂದೇ ದುರ್ಬೀನು, ಊರಿಗೂರೇ ಹಳೆಯ ಸಾಮಾನು ಮಾರುವ ರಾಜನ ಹುಟ್ಟುಹಬ್ಬದ ದಿನ ಬೀದಿಬದಿಯಲ್ಲಿ ಕೊಂಡದ್ದು. ಯಾರಿಗೆ ಮೊದಲು ಹಕ್ಕಿ ಕಂಡರೂ ಹೆಸರು ಹೇಳುವಂತಿಲ್ಲ. ಸುಮ್ಮನೆ ಭುಜ ತಟ್ಟಿ ದುರ್ಬೀನನ್ನು ಇನ್ನೊಬ್ಬಳಿಗೆ ಕೊಡಬೇಕು. ಅವಳಿಗೂ ಕಂಡ ಮೇಲೆ ಇಬ್ಬರೂ ಒಟ್ಟಿಗೆ ಹೆಸರು ಹೇಳಬೇಕು. ಮಕ್ಕಳಾಟವೇ. ಐವತ್ತರ ಹತ್ತಿರ ಬಂದ ನನಗೆ ಅಂಥ ಒಂದು ಆಟ ಸಿಕ್ಕಿದ್ದೇ ದೊಡ್ಡ ಭಾಗ್ಯವೆನಿಸಿತ್ತು.

ಆಲ್ಪ್ಸ್‌ನ ಗಡ್ಡದ ರಣಹದ್ದಿನ ವಿಷಯ ಓದಿ ಮೊದಲು ಹೇಳಿದವಳು ನಾನು. ಕುರಿಮರಿ ಕದಿಯುತ್ತದೆ, ಮಗುವನ್ನೂ ಎತ್ತಿಕೊಂಡು ಹೋಗುತ್ತದೆ ಎಂದು ಹೆದರಿ ಹಿಂದಿನವರು ಅದನ್ನು ಕೊಂದು ಮುಗಿಸಿದ್ದರಂತೆ. ಪಾಪ, ಅದು ತಿನ್ನುವುದು ಸತ್ತ ಪ್ರಾಣಿಯ ಮೂಳೆ. ದೊಡ್ಡ ಮೂಳೆಯಾದರೆ ಮೇಲಿನಿಂದ ಬಂಡೆಗೆ ಬೀಳಿಸಿ ಒಡೆದುಕೊಳ್ಳುತ್ತದೆ. ಎಷ್ಟೋ ಕಾಲದ ಮೇಲೆ ಬೇರೆ ಕಡೆಯಿಂದ ಮರಿಗಳನ್ನು ತಂದು ಸಾಕಿ ಬಿಟ್ಟು ಮತ್ತೆ ಅದರ ಸಂಸಾರ ಹೂಡಿಸಿದ್ದಾರೆ. ಸ್ವಿಟ್ಜರ್ಲೆಂಡಿನ ಒಂದು ರಕ್ಷಿತ ಕಣಿವೆಯಲ್ಲಿ ಕಾಣಸಿಗುತ್ತದೆ ಎಂದು ಓದಿದ್ದೆ. ಬೇಸಿಗೆಯಲ್ಲಿ ಹೋಗೋಣವೆಂದು ಇಬ್ಬರೂ ಲೆಕ್ಕ ಹಾಕಿದ್ದೆವು. ಅಷ್ಟರಲ್ಲಿ ಟ್ರಾಮ್ ಹಳಿ.

ಆಸ್ಪತ್ರೆಯಲ್ಲಿ ನಾನು ಅವಳಿಗೆ, ನೀನು ಹೋಗಿಬಾರಮ್ಮ, ನನ್ನನ್ನು ಕಾಯಬೇಡ ಎಂದೆ. ಬಾಯಿಮಾತಿಗಲ್ಲ, ಮನಸಾರೆ ಹೇಳಿದ್ದೆ. ಅವಳು ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಕಿತ್ತಳೆ ಸುಲಿಯುತ್ತಿದ್ದಳು.

"ನೀವು ಬರದೆ ನಾನು ಆ ಗುಡ್ಡೆ ಹತ್ತುದಿಲ್ಲ ಅಕ್ಕ. ಹಕ್ಕಿ ಎಲ್ಲಿಗೂ ಓಡಿ ಹೋಗುದಿಲ್ಲ. ನೋಡಿದ್ರೆ ಇಬ್ರೂ ಒಟ್ಟಿಗೆ ನೋಡುವಾ. ಆಯ್ತಾ?"

ಆ ಮಾತಿನ ಬಲದಲ್ಲೇ ನಾನು ಎರಡು ವರ್ಷ ಮೆಟ್ಟಿಲು ಹತ್ತಿದ್ದು. ಫಿಸಿಯೋಥೆರಪಿಯ ಹುಡುಗಿ ನಿಮ್ಮ ಗುರಿ ಏನು ಎಂದು ಕೇಳಿದಾಗ ರಣಹದ್ದು ಎಂದೆ. ಅವಳು ಫಾರ್ಮಿನಲ್ಲಿ ಹಾಗೆಯೇ ತುಂಬಿಸಿದಳು. ಅಕ್ಕಿ ಮೊದಲು ಎರಡು ಕಿಲೋ ಇತ್ತು, ಆಮೇಲೆ ಐದು, ಕೊನೆಗೆ ಹತ್ತು. ನನ್ನ ನೋವಿಗಿಂತ ಹೆಚ್ಚಾಗಿ, ನನ್ನಿಂದಾಗಿ ಅವಳ ಆಸೆ ಅಲ್ಲೇ ನಿಂತಿದೆಯಲ್ಲ ಎಂಬ ಸಂಕೋಚ ನನ್ನನ್ನು ಹತ್ತಿಸುತ್ತಿತ್ತು.

ಎರಡನೇ ವರ್ಷದ ಜೂನಿನಲ್ಲಿ ಅವಳು ಆಫೀಸಿನವರ ಜೊತೆ ನಾಲ್ಕು ದಿನ ಲಿಂಬರ್ಗ್‌ಗೆ ಹೋಗುತ್ತೇನೆ ಎಂದಳು. ಈ ಚಪ್ಪಟೆ ದೇಶದಲ್ಲಿ ಸ್ವಲ್ಪ ಏರು ತಗ್ಗು ಇರುವುದು ದಕ್ಷಿಣದ ಆ ಮೂಲೆಯಲ್ಲಿ ಮಾತ್ರ. ನಡೆಯುವವರಿಗೆ ಹಸಿವಾಗುತ್ತದೆಂದು ನಾನು ಒಂದು ಡಬ್ಬ ತುಂಬ ಕೋಡುಬಳೆ ಕರಿದು ಕೊಟ್ಟೆ, ಮೇಲೊಂದಿಷ್ಟು ಚಟ್ನಿಪುಡಿ. ಬಂದ ಮೇಲೆ ಖಾಲಿ ಡಬ್ಬ ತೊಳೆದು ಕೊಟ್ಟಳು. ಹೇಗಿತ್ತೆಂದು ಕೇಳಿದರೆ ಲಿಂಬರ್ಗ್‌ನಲ್ಲಿ ಎಂತ ಇರ್ತದೆ ಅಕ್ಕ, ಮಳೆ ಎಂದು ನಕ್ಕಳು.

ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಹೊರಟೆವು. ಅವಳ ಎಲೆಕ್ಟ್ರಿಕ್ ಕಾರು, ಒಂದು ಪೂರ್ತಿ ದಿನದ ದಾರಿ. ಹೊರಡುವ ಮೊದಲು ಅವಳೊಂದು ಮಾತು ಹೇಳಿದ್ದಳು: ಬೆಟ್ಟದ ಮೇಲಿನ ತಂಗುಮನೆ ಬೇಡ, ಕೆಳಗೆ ಹಳ್ಳಿಯ ಹೋಟೆಲಿನಲ್ಲೇ ಎರಡು ರಾತ್ರಿ ಉಳಿದು ಹಗಲು ಹೋಗಿಬರುವಾ, ನಿಮ್ಮ ಕಾಲಿಗೆ ಅದೇ ಒಳ್ಳೆಯದು. ನಾನು ಒಪ್ಪಲಿಲ್ಲ. ಮೇಲಿನ ಮನೆಯಲ್ಲೇ ಮಲಗಿ ಬೆಳಿಗ್ಗೆ ಬೆಟ್ಟದ ನಡುವೆಯೇ ಏಳಬೇಕೆಂದು ಹಟ ಹಿಡಿದೆ. ಕೊನೆಗೆ ಅವಳು ಒಪ್ಪಿದಳು. ನನ್ನ ಕಾಲಿನ ಬಗ್ಗೆ ಎಷ್ಟು ಕಾಳಜಿ ನೋಡು ಎಂದು ಗಂಡನ ಮುಂದೆ ಕೊಂಡಾಡಿದ್ದೂ ಆಯಿತು.

ಆ ಕಣಿವೆ ಮನುಷ್ಯರದಲ್ಲ ಎನ್ನುವುದು ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಬಿದ್ದ ಮರವನ್ನು ಯಾರೂ ಎತ್ತುವುದಿಲ್ಲ, ಬಿದ್ದಲ್ಲೇ ಪಾಚಿ ಕಟ್ಟಿಕೊಂಡು ಮಣ್ಣಾಗಬೇಕು. ಹೂವು ಕೀಳುವಂತಿಲ್ಲ, ಕಲ್ಲು ಎತ್ತಿಕೊಳ್ಳುವಂತಿಲ್ಲ, ನಾಯಿ ತರುವಂತಿಲ್ಲ. ದಣಿವಾಯಿತೆಂದು ಕಂಡಲ್ಲಿ ಕೂರುವಂತೆಯೂ ಇಲ್ಲ. ಹಳದಿ ಗೂಟ ನೆಟ್ಟ ಜಾಗ ಬರುವ ತನಕ ನಿಂತೇ ಉಸಿರು ತೆಗೆದುಕೊಳ್ಳಬೇಕು. ಬಿಲದ ಬಾಯಲ್ಲಿ ಎರಡು ಕಾಲ ಮೇಲೆ ನಿಂತ ಮಾರ್ಮಟ್ಟೊಂದು ನಮ್ಮನ್ನು ನೋಡಿ ಸಿಳ್ಳು ಹಾಕಿತು. ದಪ್ಪ ಅಳಿಲಿನಂಥ ಪ್ರಾಣಿ, ಚಳಿಗಾಲದ ನಿದ್ದೆಗೆ ಮೊದಲು ಹೊಟ್ಟೆ ನೆಲಕ್ಕೆ ತಾಗುವಷ್ಟು ತಿಂದಿತ್ತು. ಮದುವೆ ಮನೆಯಲ್ಲಿ ಎಲೆ ಎತ್ತಿದ ಮೇಲೂ ಕೂತಿರುವ ಮಾವಂದಿರ ಹಾಗೆ ಕಾಣುತ್ತದೆ ಎಂದೆ. ಅವಳು ನಕ್ಕು ನಕ್ಕು ಕೈಯಲ್ಲಿದ್ದ ನಡೆಯುವ ಕೋಲು ಬೀಳಿಸಿದಳು.

ಒಂದು ಕಡೆ ದಾರಿ ಎರಡಾಯಿತು. ನಾನು ನಕ್ಷೆ ಬಿಡಿಸುವಷ್ಟರಲ್ಲಿ ಅವಳು ಎಡಕ್ಕೆ ತಿರುಗಿಯಾಗಿತ್ತು. ಏರು ಕಡಿದಾಗಿ ನಾನು ಏದುಸಿರು ಬಿಡುವಾಗ, ಇನ್ನು ಏಳೇ ತಿರುವು, ಆಮೇಲೆ ಕೂರುವ ಜಾಗ ಎಂದಳು. ಎಣಿಸಿದೆ, ಏಳೇ ಇತ್ತು. ಮೊಬೈಲಿನಲ್ಲಿ ಓದಿಕೊಂಡು ಬಂದಿದ್ದಾಳೆ, ಬ್ಯಾಂಕಿನವಳಲ್ಲವೇ, ಎಲ್ಲ ಅಚ್ಚುಕಟ್ಟು ಎಂದುಕೊಂಡೆ.

ಹಳದಿ ಗೂಟಗಳ ನಡುವೆ ಕೂತೆವು. ಎದುರಿಗೆ ಬೂದು ಬಣ್ಣದ ಬಂಡೆಗೋಡೆ. ಅಲ್ಲಲ್ಲಿ ಕಾಡುಮೇಕೆಗಳು ಚುಕ್ಕಿಯ ಹಾಗೆ. ಅರ್ಧ ಗಂಟೆ ಕಳೆದಿರಬೇಕು. ನನ್ನ ಭುಜದ ಮೇಲೆ ಎರಡು ಬೆರಳು ಬಿತ್ತು. ದುರ್ಬೀನು ಕೈಗೆ ಬಂತು. ಅವಳು ತೋರಿಸಿದ ಕಡೆ, ಬಂಡೆಯ ಎಡಭಾಗದ ಕಪ್ಪು ಗುಹೆಯಂಥ ತೂತಿನ ಮೇಲ್ಗಡೆ ನೋಡಿದೆ. ಮೊದಲು ನೆರಳು ಕಂಡಿತು, ಬಂಡೆಯ ಮೇಲೆ ಜಾರಿಕೊಂಡು ಹೋಗುವ ದೊಡ್ಡ ನೆರಳು. ಆಮೇಲೆ ಹಕ್ಕಿ. ರೆಕ್ಕೆ ಒಂದು ಸಲವೂ ಬಡಿಯಲಿಲ್ಲ. ನಮ್ಮ ತಲೆಯ ಮೇಲೆಯೇ ಬಂದಾಗ ಎದೆಯ ಕಾವಿ ಬಣ್ಣ ಬರಿಗಣ್ಣಿಗೇ ಕಂಡಿತು, ಕೊಕ್ಕಿನ ಕೆಳಗಿನ ಕರೀ ಗಡ್ಡವೂ. ಅದು ತಲೆ ವಾಲಿಸಿ ನಮ್ಮನ್ನು ನೋಡಿತೆಂದೇ ಈಗಲೂ ನನಗೆ ಅನಿಸುತ್ತದೆ.

ಹೆಸರನ್ನು ಇಬ್ಬರೂ ಒಟ್ಟಿಗೆ ಹೇಳಿದೆವು. ನನ್ನ ಬಾಯಿಂದ ಅರ್ಧವೇ ಬಂತು. ತಿರುಗಿ ನೋಡಿದರೆ ಅವಳ ಕಣ್ಣಲ್ಲೂ ನೀರು. ಅಕ್ಕ, ಕೊನೆಗೂ ಕಂಡಿತಲ್ಲ ಎಂದು ನನ್ನ ಕೈ ಹಿಡಿದುಕೊಂಡಳು. ಎರಡು ವರ್ಷದ ಹನ್ನೊಂದು ಮಹಡಿಗಳೆಲ್ಲ ಆ ಒಂದು ಗಳಿಗೆಗೆ ಸಂದವು.

ತಂಗುಮನೆ ಮರದ್ದು, ದೊಡ್ಡದೇನಲ್ಲ. ಬೂಟು ಹೊರಗೆ ಬಿಟ್ಟು ಅವರದೇ ಚಪ್ಪಲಿ ಹಾಕಿಕೊಳ್ಳಬೇಕು. ಸಾಲು ಹಾಸಿಗೆ, ಸಂಜೆ ಎಲ್ಲರಿಗೂ ಒಂದೇ ಊಟ. ನೋಡಿಕೊಳ್ಳುವ ಹೆಂಗಸು ನನ್ನ ವಯಸ್ಸಿನವಳು, ಗಾಳಿಗೆ ಕೆನ್ನೆ ಒಡೆದಿತ್ತು. ನಾವು ಹೋದಾಗ ಅವಳಿಗೆ ಅಡುಗೆಯ ಗಡಿಬಿಡಿ, ಹಾಸಿಗೆಯ ನಂಬರ್ ಕೂಗಿ ಹೇಳಿ ಒಳಗೆ ಹೋದಳು. ಗೆಳತಿ ಟವಲು ಹಿಡಿದು ಹಿಂದಿನ ನಲ್ಲಿಯ ಕಡೆ ನಡೆದಳು. ನಾನು ಊಟದ ಮನೆಯ ಬೆಂಚಿನಲ್ಲಿ ಮೊಣಕಾಲಿಗೆ ಮುಲಾಮು ತಿಕ್ಕುತ್ತಾ ಕೂತಿದ್ದೆ.

ಬೆಟ್ಟದ ಈ ಮನೆಗಳಲ್ಲೆಲ್ಲ ಒಂದು ಪುಸ್ತಕವಿರುತ್ತದೆ. ಬಂದವರು ಹೆಸರು, ಎಷ್ಟು ಜನ, ನಾಳೆ ಯಾವ ಕಡೆ ಹೋಗುತ್ತೀರಿ ಎಂದು ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವುದಕ್ಕೆ ಅದೇ ಆಧಾರ. ಪಕ್ಕದಲ್ಲಿ ಒಂದಿಷ್ಟು ಖಾಲಿ ಜಾಗ, ಮನಸ್ಸಿಗೆ ಬಂದದ್ದು ಬರೆಯಲು. ಆ ಹೆಂಗಸು ಪುಸ್ತಕ ತಂದಿಟ್ಟು ನನ್ನ ಊರು ಕೇಳಿದಳು. ಭಾರತ, ಅದರಲ್ಲೂ ದಕ್ಷಿಣ ಎಂದೆ. ಅವಳ ಮುಖವೇ ಅರಳಿತು. ಹಾಗಾದರೆ ಒಂದು ಉಪಕಾರ ಮಾಡಬೇಕು ಎಂದು, ಉಣ್ಣೆಯ ದಾರ ಇಟ್ಟು ಗುರುತು ಮಾಡಿದ್ದ ಪುಟವೊಂದನ್ನು ತೆರೆದಳು. ಬೇಸಿಗೆಯ ಮೊದಲಲ್ಲಿ ಯಾರೋ ಬರೆದದ್ದು, ಎಷ್ಟು ಚೆಂದದ ದುಂಡು ಅಕ್ಷರ, ಬಂದವರಿಗೆಲ್ಲ ತೋರಿಸುತ್ತೇನೆ, ಇವತ್ತಿನವರೆಗೆ ಒಬ್ಬರಿಗೂ ಓದಲು ಬಂದಿಲ್ಲ ಎಂದಳು.

ಕನ್ನಡ. ಕನ್ನಡ ಎಂಬ ಸಂತೋಷಕ್ಕೆ ನಾನು ಒಂದು ಸಾಲು ಪೂರ್ತಿ ಓದಿಯೂ ಬಿಟ್ಟೆ, ಅರ್ಥ ಆಮೇಲೆ ತಲೆಗೆ ಹೋಯಿತು.

"ಕೊನೆಗೂ ಗಡ್ಡದ ಹದ್ದು ನೋಡಿಯಾಯ್ತು. ಮೊಣಕಾಲಕ್ಕನನ್ನು ಕಾದಿದ್ದರೆ ಈ ಜನ್ಮದಲ್ಲಿ ಆಗುತ್ತಿರಲಿಲ್ಲ. ಅಕ್ಕನ ಕೋಡುಬಳೆ ಮಾತ್ರ ಮೇಲೆ ಬಂತು, ಅಕ್ಕ ಬರಲಿಲ್ಲ."

ಮೂರು ಸಾಲು. ಕೆಳಗೆ ಅವಳ ಸಹಿ, ಮೇಲೂ ಕೆಳಗೂ ಬೇರೆ ಬೇರೆ ಭಾಷೆಯಲ್ಲಿ ಅವಳ ಆಫೀಸಿನವರದು. ತಿಂಗಳು ಜೂನ್. ಲಿಂಬರ್ಗ್‌ನಲ್ಲಿ ಮಳೆ ಸುರಿದ ಅದೇ ನಾಲ್ಕು ದಿನ.

ಆ ಹೆಂಗಸು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು. ಏನಂತ ಬರೆದಿದ್ದಾರೆ ಎಂದು ಕೇಳಿದಳು. ನಾನು ಬೆಂಚಿನ ಅಂಚನ್ನು ಹಿಡಿದುಕೊಂಡೆ. ಇಲ್ಲಿಯ ಸೂಪು ಬಹಳ ರುಚಿ, ಮನೆಯ ನೆನಪಾಯಿತು ಅಂತ ಬರೆದಿದ್ದಾರೆ ಎಂದೆ. ಅವಳು ಎದೆಗೆ ಕೈ ಇಟ್ಟುಕೊಂಡಳು. ಆ ವಾರ ಸೂಪಿಗೆ ಉಪ್ಪು ಜಾಸ್ತಿಯಾಗಿತ್ತೆಂದು ತನಗೆ ಚಿಂತೆಯಿತ್ತಂತೆ. ಕನ್ನಡದ ಸಾಲಿನ ಕೆಳಗೆ ನನ್ನ ಸುಳ್ಳನ್ನು ತನ್ನ ಭಾಷೆಯಲ್ಲಿ ನಿಧಾನವಾಗಿ ಬರೆದಳು.

ಬರೆಯುತ್ತಿರುವಾಗಲೇ ಗೆಳತಿ ಒಳಗೆ ಬಂದಳು, ಒದ್ದೆ ಕೂದಲು, ಹೆಗಲ ಮೇಲೆ ಟವಲು. ಪುಸ್ತಕ ನೋಡಿದಳು, ದಾರ ನೋಡಿದಳು, ನನ್ನನ್ನು ನೋಡಲಿಲ್ಲ. ಆ ಹೆಂಗಸು ಅವಳಿಗೂ ಖುಷಿಯಿಂದ ವಿವರಿಸಿದಳು: ನೋಡಿ, ನಿಮ್ಮ ಸ್ನೇಹಿತೆ ಓದಿದರು, ಸೂಪಿನ ವಿಷಯವಂತೆ. ಬೇಸಿಗೆಯಲ್ಲಿ ಬಂದುಹೋಗುವ ನೂರಾರು ಮುಖಗಳಲ್ಲಿ ಇವಳ ಮುಖ ಅವಳಿಗೆ ಮರೆತುಹೋಗಿತ್ತು. ಗೆಳತಿ ಹೌದೌದು ಎಂದು ತಲೆಯಾಡಿಸಿದಳು.

ಅಂದಿನ ಸೂಪನ್ನು ನಾನು ಪೂರ್ತಿ ಕುಡಿದೆ. ಬಿಟ್ಟರೆ ಆ ಹೆಂಗಸಿಗೆ ಬೇಸರವಾದೀತು. ಉಪ್ಪು ಸರಿಯಾಗಿತ್ತು.

ಬೆಳಕು ಇನ್ನೂ ಇತ್ತು. ಹೊರಗಿನ ಕಟ್ಟೆಯ ಮೇಲೆ ನಾನು ಕೂತಿದ್ದೆ, ಅವಳು ಬಂದು ಸ್ವಲ್ಪ ದೂರದಲ್ಲಿ ಕೂತಳು. ದೂರದ ಇಳಿಜಾರಿನಲ್ಲಿ ಗಂಡು ಜಿಂಕೆಗಳು ಹೆಣ್ಣಿಗಾಗಿ ಕೂಗುತ್ತಿದ್ದವು, ಹೊಟ್ಟೆಯೊಳಗಿಂದ ಬರುವ ಒಡಕು ದನಿ. ಅದನ್ನು ಕೇಳುವುದಕ್ಕೆಂದೇ ಸೆಪ್ಟೆಂಬರ್ ಆರಿಸಿದ್ದೆವು. ಅವಳೇ ಶುರು ಮಾಡಿದಳು. ಆಫೀಸಿನವರು ಕೊನೆ ಗಳಿಗೆಯಲ್ಲಿ ಲಿಂಬರ್ಗ್ ಬಿಟ್ಟು ಇಲ್ಲಿಗೆ ಎಂದರಂತೆ. ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲವಂತೆ. ಪುಸ್ತಕದಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ತಮಾಷೆ ಬರೆದರಂತೆ, ನೀನೂ ಬರಿ ಎಂದು ಇವಳ ಕೈಗೆ ಪೆನ್ನು ಕೊಟ್ಟರಂತೆ.

"ಅಲ್ಲಿ ಯಾರು ಓದುದು ಅಂತ ಬರ್ದೆ ಅಕ್ಕ. ತಮಾಷೆಗೆ. ಇಷ್ಟೊತ್ತಿಗೆ ಹೊಸ ಪುಸ್ತಕ ಇಟ್ಟಿರ್ತಾರೆ ಅಂದ್ಕೊಂಡೆ."

"ಓದೋಳು ಒಬ್ಬಳಿದ್ದಳಲ್ಲ ಕಣೇ."

ನಾನೇ ಮುಂದುವರಿಸಿದೆ. ನೀನು ಬಂದದ್ದಕ್ಕೆ ನನಗೆ ಸಿಟ್ಟಿಲ್ಲ, ಹೋಗು ಅಂತ ಆಸ್ಪತ್ರೆಯಲ್ಲಿ ನಾನೇ ಹೇಳಿದ್ದೆ. ಬಂದು ಹೋದ ಮೇಲೆ ಅಕ್ಕ ನಾನು ನೋಡಿಬಿಟ್ಟೆ ಅಂದಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಮೂರನೇ ದಿನ ಅದರ ಗಡ್ಡ ಎಷ್ಟುದ್ದ ಅಂತ ಕೇಳುತ್ತಿದ್ದೆ. ಹಾಗೆಂದೆ. ಮೊಣಕಾಲಕ್ಕ ಎಂಬ ಹೆಸರನ್ನು ಬಾಯಿಗೆ ತರಲು ಮಾತ್ರ ನನ್ನಿಂದ ಆಗಲಿಲ್ಲ. ಆ ಹೆಸರು ಆ ಬೆಟ್ಟದಲ್ಲಿ ಹುಟ್ಟಿದ್ದಲ್ಲ, ಜೈಡಾಸ್‌ನ ಬ್ಯಾಂಕಿನ ಊಟದ ಮೇಜಿನಲ್ಲಿ ಎಷ್ಟೋ ತಿಂಗಳಿಂದ ಓಡಾಡಿದ್ದಿರಬೇಕು. ನನ್ನ ಮೆಟ್ಟಿಲು, ನನ್ನ ಅಕ್ಕಿ ಚೀಲ, ಲಿಫ್ಟ್ ರಿಪೇರಿ, ಎಲ್ಲವನ್ನೂ ನಗುತ್ತಾ ನಾನೇ ಅವಳಿಗೆ ಹೇಳಿದ್ದೆ.

ಮರುದಿನ ಮೇಲಿನ ಘಾಟಿ ದಾಟಿ ಆಚೆ ಇಳಿಯುವುದೆಂದು ಮಾತಾಗಿತ್ತು. ನಾನು ಬಂದ ದಾರಿಯಲ್ಲೇ ಹಿಂತಿರುಗುತ್ತೇನೆ ಎಂದೆ. ಪುಸ್ತಕದಲ್ಲಿ ಎಷ್ಟು ಜನ ಎನ್ನುವ ಕಡೆ ಒಂದು ಎಂದು ಬರೆದೆ. ಅವಳು ನನ್ನ ಕೆಳಗೆ ತಾನೂ ಒಂದು ಎಂದು ಬರೆದಳು, ಹೋಗುವ ಕಡೆ ಎಂಬಲ್ಲಿ ನನ್ನದೇ ದಾರಿ. ಇಳಿಯುವಾಗ ಅವಳು ಮೂವತ್ತು ಹೆಜ್ಜೆ ಹಿಂದೆ ಇದ್ದಳು. ನಾನು ನಿಂತರೆ ನಿಲ್ಲುತ್ತಿದ್ದಳು. ಒಂದೆಡೆ ಜಲ್ಲಿಗಲ್ಲಿನಲ್ಲಿ ನನ್ನ ಕಾಲು ಜಾರಿತು. ಓಡಿ ಬಂದು ತೋಳು ಹಿಡಿದಳು. ಬಿಡಿಸಿಕೊಳ್ಳಲಿಲ್ಲ, ಬಿಡಿಸಿಕೊಂಡರೆ ಬೀಳುತ್ತಿದ್ದೆ. ಸಮತಟ್ಟು ಬಂದ ಮೇಲೆ ಅವಳೇ ಬಿಟ್ಟಳು.

ಜರ್ಮನಿಯಲ್ಲಿ ಕಾರು ಚಾರ್ಜಿಗೆ ನಿಲ್ಲಿಸಿದಾಗ ನಲವತ್ತು ನಿಮಿಷ ಕಾಯಬೇಕಿತ್ತು. ಅಲ್ಲಿಯವರೆಗೂ ದಾರಿಯ ಬಗ್ಗೆ, ಟ್ರಾಫಿಕ್ ಬಗ್ಗೆ ಮಾತ್ರ ಮಾತು. ಅವಳು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು, ಸೂಪಿನ ಕಥೆ ಯಾಕೆ ಹೇಳಿದಿರಿ, ನಿಜ ಹೇಳಿಬಿಟ್ಟಿದ್ದರೆ ಆಗುತ್ತಿತ್ತು ಎಂದಳು. ನಿನ್ನ ಮಾನ ಉಳಿಸಲು ಅಲ್ಲ ಎಂದೆ. ಆ ಅಪರಿಚಿತ ಹೆಂಗಸಿನ ಎದುರು ಮುಲಾಮು ಹಚ್ಚಿದ ಕಾಲು ಚಾಚಿಕೊಂಡು, ಇದರಲ್ಲಿ ಬರೆದಿರುವ ಹೊರೆ ನಾನೇ ಎಂದು ನಾನು ಹೇಗೆ ಹೇಳಲಿ? ಕೇಳಬಾರದೆಂದುಕೊಂಡಿದ್ದನ್ನು ಆಗ ಕೇಳಿದೆ.

"ಹದ್ದು ಬಂದಾಗ ನಿನ್ನ ಕಣ್ಣಲ್ಲಿ ನೀರು ಬಂತಲ್ಲ. ಅದೂ ನಾಟಕಾನಾ?"

"ಅದು ಹಕ್ಕಿ ನೋಡಿ ಬಂದದ್ದಲ್ಲ ಅಕ್ಕ," ಎಂದಳು. "ನಿಮ್ಮ ಮುಖ ನೋಡಿ ಬಂದದ್ದು."

ಆ ಮಾತನ್ನು ನಂಬಬೇಕೆಂದು ನನಗೆ ಎಷ್ಟು ಆಸೆಯಾಯಿತೆಂದರೆ, ಅದಕ್ಕೇ ನಂಬಲು ಹೆದರಿಕೆಯಾಯಿತು. ಹಿಂದಿನ ದಿನವಾಗಿದ್ದರೆ ಅವಳು ಏನು ಹೇಳಿದರೂ ನಂಬುತ್ತಿದ್ದೆ. ಈಗ ಅವಳ ಬಾಯಿಂದ ಬಂದ ಒಳ್ಳೆಯ ಮಾತನ್ನೂ ತಿರುಗಿಸಿ ಮುರುಗಿಸಿ ನೋಡಬೇಕಾಗಿದೆ. ಅವಳು ನನ್ನಿಂದ ಕಿತ್ತುಕೊಂಡದ್ದು ಅದನ್ನೇ. ಕ್ಷಮಿಸಿ ಅಕ್ಕ ಎಂದಳು. ಆಯಿತು ಬಿಡು ಎಂದೆ. ಆಗಿರಲಿಲ್ಲ.

ಇದೆಲ್ಲ ಆಗಿ ಒಂದು ಚಳಿಗಾಲ ಕಳೆದಿದೆ. ದೀಪಾವಳಿಯ ಕೂಟದಲ್ಲಿ ಅವಳು ಸಿಕ್ಕಿದಳು, ಕಾಲು ಹೇಗಿದೆ ಎಂದು ಕೇಳಿದಳು, ಚೆನ್ನಾಗಿದೆ ಎಂದೆ, ಒಂದೇ ತಟ್ಟೆಯಿಂದ ಚಕ್ಕುಲಿಯನ್ನೂ ತಿಂದೆವು. ಶನಿವಾರ ನಾನೊಬ್ಬಳೇ ಹುಲ್ಲುಗಾವಲಿಗೆ ಹೋಗುತ್ತೇನೆ. ಕಳೆದ ವಾರ ಮೊದಲ ಗ್ರುಟ್ಟೊ ಬಂದು ಬೇಲಿಗೂಟದ ಮೇಲೆ ಕೂತಿತ್ತು. ಹೆಸರು ಹೇಳಲು ಬಾಯಿ ತೆರೆದು, ಯಾರೂ ಇಲ್ಲವೆಂದು ನೆನಪಾಗಿ ಸುಮ್ಮನಾದೆ. ಮನೆಗೆ ಬಂದು ಅವಳಿಗೆ ಸಂದೇಶ ಬರೆಯಲು ಕೂತೆ. ಗ್ರುಟ್ಟೊ ಬಂದಿದೆ ಎಂದಷ್ಟೇ ಬರೆದು ಕಳಿಸಿದೆ. ನೋಡಲು ಬಾ ಎಂದು ಬರೆಯಲು ಮನಸ್ಸು ಬರಲಿಲ್ಲ.